ಕುಲುಮೆಯ ಕೆಂಪು, ಘಟ್ಟದ ಕೆಂಪು

ಆಲೂರು, ಸಕಲೇಶಪುರದ ಹಳೆಯ ಮನೆಗಳಲ್ಲಿ ಹುಡುಕಿದರೆ ಒಂದಾದರೂ ಎಚ್‌ಎಂಟಿ ಜನತಾ ಕೈಗಡಿಯಾರ ಸಿಕ್ಕೇ ಸಿಗುತ್ತದೆ. ಓಡುತ್ತಿರಲಿ, ನಿಂತಿರಲಿ, ಅದರ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿರುತ್ತದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಅದನ್ನು ಬರೆಸಿದ್ದು ಬರೀ ಜಂಬಕ್ಕಲ್ಲ. ಒಳಗಿನ ಹಲ್ಲುಚಕ್ರಗಳ ಕಡ್ಡಿ ವರ್ಷಗಟ್ಟಲೆ ತಿರುಗಿದರೂ ಸವೆಯಬಾರದೆಂದು ಆ ಕಡ್ಡಿಗಳ ತುದಿ ಕೂರುವಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಹರಳುಗಳನ್ನು ಕೂರಿಸುತ್ತಿದ್ದರು. ಅವು ಮಾಣಿಕ್ಯಗಳೇ. ಮೇಷ್ಟ್ರು, ಗುಮಾಸ್ತರು, ತೋಟದ ರೈಟರುಗಳು ಕಟ್ಟುವ ಗಡಿಯಾರಕ್ಕೆ ಹದಿನೇಳು ಮಾಣಿಕ್ಯ ಹಾಕಲು ಸಾಧ್ಯವಾದದ್ದು ಅವು ಕುಲುಮೆಯಲ್ಲಿ ಹುಟ್ಟಿದವಾದ್ದರಿಂದ.

ಹಾಗಾಗಿ ‘ಲ್ಯಾಬ್‌ನಲ್ಲಿ ಬೆಳೆದ ರತ್ನ’ ಎಂಬುದನ್ನು ಈಗಷ್ಟೇ ಸೂರತ್‌ನಿಂದ ಬಂದ ಹೊಸ ಸರಕೆಂದು ತಿಳಿಯಬೇಕಿಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿರುವ ಕೆಂಪಿನ ಓಲೆಯನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಮಾಡಿಸಿದ್ದು ಕಳೆದ ನೂರು ವರ್ಷದೊಳಗೆ, ಎಲ್ಲ ಕಲ್ಲೂ ಒಂದೇ ಕೆಂಪು, ಒಂದರಲ್ಲೂ ಬಿರುಕಿಲ್ಲ, ಕಲೆಯಿಲ್ಲ ಎಂದಾದರೆ ಅವೂ ಕುಲುಮೆಯ ಕೆಂಪೇ ಆಗಿರುವ ಸಂಭವ ಹೆಚ್ಚು. ಅಕ್ಕಸಾಲಿ ಮೋಸ ಮಾಡಿದ ಎಂದು ಈಗ ಹಲುಬುವುದು ಬೇಡ. ಆ ಕಾಲಕ್ಕೆ ದಕ್ಷಿಣ ಭಾರತದ ಒಡವೆಗಳಿಗೆಲ್ಲ ಅದೇ ಕಲ್ಲು ಬರುತ್ತಿತ್ತು. ಅಜ್ಜಿಗೂ ಅದು ಗೊತ್ತಿದ್ದಿರಬಹುದು.

ಇತ್ತ ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯದ ಕಡೆ ಹೋದರೆ ಇನ್ನೊಂದು ಕೆಂಪಿನ ಕಥೆ. ಕೂಜಿಮಲೆಯ ಕಾಡು, ಕೊಡಗಿನ ಪಟ್ಟಿಘಾಟ್ ಮೀಸಲು ಅರಣ್ಯ ಎಂದ ಕೂಡಲೇ ಈ ಭಾಗದ ಪತ್ರಿಕೆ ಓದುವವರಿಗೆ ನೆನಪಾಗುವುದು ಹರಳು ಕಲ್ಲು ದಂಧೆ. ಹಾರೆ, ಗುದ್ದಲಿ, ಜರಡಿ ಹಿಡಿದು ರಾತ್ರಿ ಕಾಡು ಹೊಕ್ಕು ಗುಂಡಿ ತೋಡುವವರು, ಅವರನ್ನು ಹಿಡಿಯುವ ಅರಣ್ಯ ಸಿಬ್ಬಂದಿ, ಚೀಲದಲ್ಲಿ ಸಿಕ್ಕ ಕೆಂಪು ಕಲ್ಲಿನ ಫೋಟೊ. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಆ ಚೀಲದ ಕಲ್ಲು ಉಂಗುರದ ಹರಳಾಗಲು ಏನೇನು ಆಗಬೇಕು, ಅದರಲ್ಲಿ ಎಷ್ಟು ಹರಳಾಗುತ್ತದೆ ಎಂಬುದನ್ನು ಯಾರೂ ಬರೆಯುವುದಿಲ್ಲ. ಬರೆದಿದ್ದರೆ ಗುಂಡಿ ತೋಡುವವರ ಸಂಖ್ಯೆ ಸ್ವಲ್ಪವಾದರೂ ಇಳಿಯುತ್ತಿತ್ತೆಂದು ನನ್ನ ಅಂದಾಜು. ಕಲ್ಲಿಗೆ ಬೆಲೆ ಕಟ್ಟುವುದು ನೆಲ, ಕುಲುಮೆ ಮಾತ್ರವಲ್ಲ. ಅದರಲ್ಲಿ ಸಾಣೆಯ ಪಾಲೂ ದೊಡ್ಡದು.

ನಮ್ಮ ನೆಲದಲ್ಲಿ ಏನಿದೆ ಎಂಬುದನ್ನು ಮೊದಲು ನೋಡಿಬಿಡೋಣ. ಹೇಮಾವತಿಗೆ ಅಣೆಕಟ್ಟು ಕಟ್ಟಿರುವ ಗೊರೂರಿನ ಸುತ್ತಲಿನ ನೈಸ್ ಬಂಡೆಗಳ ವಯಸ್ಸು ಸುಮಾರು 330 ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಕರ್ನಾಟಕದ ಅತಿ ಹಳೆಯ ಬಂಡೆಗಳಲ್ಲಿ ಇವೂ ಸೇರಿವೆ. ಪಕ್ಕದ ಹೊಳೆನರಸೀಪುರದ ಶಿಲಾಪಟ್ಟಿಯಲ್ಲಿ ಕಯನೈಟ್, ಸ್ಟಾರೊಲೈಟ್, ಗಾರ್ನೆಟ್ ಖನಿಜಗಳಿವೆ. ಭೂಮಿಯ ಆಳದಲ್ಲಿ ಬಂಡೆ ಬೆಂದು, ಒತ್ತಿ, ಮಗ್ಗುಲು ಬದಲಿಸಿದಾಗ ಹುಟ್ಟುವ ಹರಳುಗಳಿವು. ಹಳೆ ಮೈಸೂರು ಸೀಮೆಯಲ್ಲಿ ಅಲ್ಲಲ್ಲಿ ಕುರುಂದವೂ ಸಿಗುತ್ತದೆ. ಕುರುಂದವೆಂದರೆ ಅಲ್ಯೂಮಿನಿಯಂ ಆಕ್ಸೈಡ್. ಅದರಲ್ಲಿ ಚಿಟಿಕೆಯಷ್ಟು ಕ್ರೋಮಿಯಂ ಸೇರಿ ಕೆಂಪಾದರೆ ಮಾಣಿಕ್ಯ, ಕಬ್ಬಿಣ ಮತ್ತು ಟೈಟಾನಿಯಂ ಸೇರಿ ನೀಲಿಯಾದರೆ ಇಂದ್ರನೀಲ.

ಗಡಸುತನ ಅಳೆಯಲು 1812ರಲ್ಲಿ ಜರ್ಮನಿಯ ಫ್ರೆಡ್ರಿಕ್ ಮೋಸ್ ಒಂದರಿಂದ ಹತ್ತರವರೆಗೆ ಒಂದು ಮೆಟ್ಟಿಲು ಕಟ್ಟಿದ. ಮೊದಲ ಮೆಟ್ಟಿಲು ಬಳಪದ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕ್, ಒಂಬತ್ತನೆಯದು ಕುರುಂದ, ಹತ್ತು ವಜ್ರ. ಕೆಳಗಿನ ಮೆಟ್ಟಿಲನ್ನು ನೋಡಬೇಕಾದರೆ ಹಾಸನ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಬೇಲೂರು, ಹಳೇಬೀಡಿನ ದೇವಾಲಯಗಳನ್ನು ಕಟ್ಟಿರುವುದು ಮೆದುವಾದ ಬಳಪದ ಕಲ್ಲಿನಿಂದ. ಅಲ್ಲಿನ ಕಂಬಗಳನ್ನು ತಿರುಗಣೆಗೆ ಹಾಕಿ ಕಡೆದು, ಮುಖ ಕಾಣುವಷ್ಟು ನುಣುಪು ಮಾಡಿದ್ದಾರೆ. ಸುತ್ತುವ ಕಲ್ಲಿಗೆ ಉಳಿ ಹಿಡಿಯುವ ಆ ಕೆಲಸವನ್ನು ತಿರುಗುಮುರುಗು ಮಾಡಿ, ಸುತ್ತುವ ಚಕ್ರಕ್ಕೆ ಕಲ್ಲು ಹಿಡಿದರೆ ಅದು ರತ್ನ ಕೊಯ್ಯುವ ಕೆಲಸ. ಆದರೆ ಒಂಬತ್ತನೆಯ ಮೆಟ್ಟಿಲಿನ ಕಲ್ಲಿಗೆ ಉಳಿ ತಾಗುವುದಿಲ್ಲ. ಅದನ್ನು ಅದೇ ಕುರುಂದದ ಪುಡಿಯಿಂದ, ಇಲ್ಲವೇ ವಜ್ರದ ಪುಡಿಯಿಂದ ಉಜ್ಜಬೇಕು. ನಮ್ಮ ದೇಶದ ಹಳೆಯ ಸಾಣೆ ಚಕ್ರಗಳನ್ನು ಕುರುಂದದ ಪುಡಿಯನ್ನು ಅರಗಿನಲ್ಲಿ ಕಲಸಿಯೇ ಮಾಡುತ್ತಿದ್ದರು.

ಗುಂಡಿ ತೋಡುವವರ ಚೀಲಕ್ಕೆ ಬರೋಣ. ಪಶ್ಚಿಮ ಘಟ್ಟದ ಬಂಡೆಗಳಲ್ಲಿ ಕೆಂಪಗೆ ಕಾಣುವ ಹರಳೆಲ್ಲ ಮಾಣಿಕ್ಯವಲ್ಲ. ಗಾರ್ನೆಟ್ ಬಹಳ ಸಾಮಾನ್ಯ, ಅದೂ ಕೆಂಪೇ. ತೂಗಿ ನೋಡಿದರೂ ವ್ಯತ್ಯಾಸ ಸಿಗುವುದಿಲ್ಲ, ಎರಡರ ಸಾಂದ್ರತೆಯೂ ಹೆಚ್ಚುಕಡಿಮೆ ಒಂದೇ. ಹರಳಿನ ಆಕಾರ ನೋಡಿದರೆ ಸ್ವಲ್ಪ ಸುಳಿವಿದೆ. ಒಡೆಯದ ಗಾರ್ನೆಟ್ ಹನ್ನೆರಡು ಮುಖದ ಗುಂಡು, ಮಾಣಿಕ್ಯ ಆರು ಮೂಲೆಯ ಪಟ್ಟಿ ಅಥವಾ ಕಂಬ. (ಕುಮಾರಪರ್ವತ ಹತ್ತುವವರು ಕುಮಾರಧಾರೆಯ ನೀರಿನಲ್ಲಿ ತಡಕಾಡಿ ತರುವ ಆರು ಮುಖದ ಕುಮಾರಲಿಂಗಗಳನ್ನು ನೋಡಿದವರಿಗೆ, ಪ್ರಕೃತಿ ಸಾಣೆಯಿಲ್ಲದೆಯೇ ಮುಖ ಮಾಡಬಲ್ಲದು ಎಂಬುದು ಹೊಸದಲ್ಲ.) ನೇರಳಾತೀತ ದೀಪ ಹಿಡಿದರೆ ಮಾಣಿಕ್ಯ ಸಾಮಾನ್ಯವಾಗಿ ಕೆಂಡದಂತೆ ಬೆಳಗುತ್ತದೆ, ಗಾರ್ನೆಟ್ ಬೆಳಗುವುದಿಲ್ಲ. ಕಬ್ಬಿಣ ಹೆಚ್ಚಿರುವ ಮಾಣಿಕ್ಯ ಮಂಕಾಗಿ ಬೆಳಗಿ ಮೋಸ ಮಾಡುವುದೂ ಉಂಟು. ಬೆಲೆಯಲ್ಲಿ ಮಾತ್ರ ಎರಡಕ್ಕೂ ಅಜಗಜಾಂತರ.

ಮಾಣಿಕ್ಯವೇ ಸಿಕ್ಕಿತೆನ್ನಿ. ನಮ್ಮ ಕಡೆಯ ಕುರುಂದದ ಬಹುಪಾಲು ಬೆಳಕು ಹಾಯದ್ದು. ಮುಖ ಕೊಯ್ಯಬೇಕಾದರೆ ಕಲ್ಲು ಪಾರದರ್ಶಕವಾಗಿರಬೇಕು. ಬೆಳಕು ಒಳಗೆ ಹೋಗಿ ತಿರುಗಿ ಬರಬೇಕು. ಹೋಗಲಾರದ ಕಲ್ಲನ್ನು ಗುಮ್ಮಟದ ಹಾಗೆ ಉರುಟಾಗಿ ಉಜ್ಜುತ್ತಾರೆ. ಮೈಸೂರು ಸೀಮೆಯ ನಕ್ಷತ್ರ ಮಾಣಿಕ್ಯಗಳು ಆ ಜಾತಿಯವು. ಒಳಗೆ ಸೂಜಿಯಂಥ ರೂಟೈಲ್ ಎಳೆಗಳು ಮೂರು ದಿಕ್ಕಿನಲ್ಲಿ ಅಡ್ಡಡ್ಡ ಮಲಗಿರುತ್ತವೆ. ಗುಮ್ಮಟದ ನೆತ್ತಿ ಅವಕ್ಕೆ ಸರಿಯಾಗಿ ಮೇಲೆ ಬರುವಂತೆ ಉಜ್ಜಿದರೆ ಬಿಸಿಲಿನಲ್ಲಿ ಆರು ಕಾಲಿನ ನಕ್ಷತ್ರ ಮೂಡುತ್ತದೆ. ನೆತ್ತಿ ಒಂದಿಷ್ಟು ಸರಿದರೂ ನಕ್ಷತ್ರ ಅಂಚಿಗೆ ಜಾರುತ್ತದೆ. ಅದೂ ಒಂದು ಕೌಶಲವೇ, ಆದರೆ ಈ ಬರಹ ಮುಖ ಕೊಯ್ಯುವುದರ ಕುರಿತದ್ದು.

ಪಾರದರ್ಶಕವಾದ ತುಂಡು ಸಿಕ್ಕಿದರೂ ಅದರಲ್ಲಿ ಬಿರುಕು, ಪದರ, ಬೇರೆ ಖನಿಜದ ಚುಕ್ಕಿ ಇದ್ದೇ ಇರುತ್ತವೆ. ಕೊಯ್ಯುವವನು ಮೊದಲ ದಿನ ಚಕ್ರವನ್ನೇ ತಿರುಗಿಸುವುದಿಲ್ಲ. ಕಲ್ಲನ್ನು ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿ, ಹಿಂದಿನಿಂದ ದೀಪ ಬಿಟ್ಟು, ಒಳಗಿನ ನಕ್ಷೆ ಓದುತ್ತಾನೆ. ಬಿರುಕನ್ನು ಎಲ್ಲಿ ಕಡಿದು ಹಾಕಬೇಕು, ಬಣ್ಣ ಎಲ್ಲಿ ಗಟ್ಟಿಯಾಗಿದೆ ಎಂದು ನೋಡುತ್ತಾನೆ. ಮಾಣಿಕ್ಯಕ್ಕೆ ಇನ್ನೊಂದು ತೊಡಕಿದೆ. ಅದು ಎರಡು ಬಣ್ಣದ ಕಲ್ಲು. ಹರಳಿನ ಉದ್ದದ ಅಕ್ಷದ ಗುಂಟ ನೋಡಿದರೆ ನೇರಳೆ ಬೆರೆತ ಗಾಢ ಕೆಂಪು, ಅಡ್ಡದಿಂದ ನೋಡಿದರೆ ಕಿತ್ತಳೆಗೆ ತಿರುಗಿದ ಕೆಂಪು. ಒಳ್ಳೆಯ ಕೆಂಪು ಮೇಲೆ ಕಾಣಬೇಕಾದರೆ ಹರಳಿನ ಮೇಲುಮುಖವನ್ನು ಆ ಅಕ್ಷಕ್ಕೆ ಅಡ್ಡವಾಗಿ ಕೂರಿಸಬೇಕು. ಹಾಗೆ ಕೂರಿಸಿದರೆ ತೂಕ ಹೋಗುತ್ತದೆ, ತೂಕ ಉಳಿಸಿದರೆ ಬಣ್ಣ ಹೋಗುತ್ತದೆ. ರತ್ನ ಕೊಯ್ಯುವವರ ಜಗಳವೆಲ್ಲ ಇದೇ.

ಲೆಕ್ಕವನ್ನೇ ಮಾಡೋಣ. ಒಂದು ಗ್ರಾಂ ಎಂದರೆ ಐದು ಕ್ಯಾರೆಟ್. ಕೊಯ್ಯಲು ಬರುವ ಹತ್ತು ಗ್ರಾಂ ಒರಟು ಕಲ್ಲು, ಅಂದರೆ 50 ಕ್ಯಾರೆಟ್, ಸಾಣೆಗೆ ಹೋದರೆ ನಾಲ್ಕನೇ ಒಂದು ಭಾಗ ಹರಳಾಗಿ ಉಳಿದರೂ ಒಳ್ಳೆಯ ಫಲವೇ. ಮಿಕ್ಕದ್ದು ಕೆಸರಾಗಿ ಹೋಗುತ್ತದೆ. ಇದು ‘ಕೊಯ್ಯಲು ಬರುವ’ ಕಲ್ಲಿನ ಮಾತು. ಕಾಡಿನಿಂದ ತಂದ ಚೀಲದಲ್ಲಿ ಅಂಥದ್ದು ಬೆರಳೆಣಿಕೆಯಷ್ಟು ಇದ್ದರೆ ಅದೃಷ್ಟ. ಕೊಳ್ಳುವ ದಲ್ಲಾಳಿಗೆ ಇದು ಗೊತ್ತು, ತೋಡಿದವನಿಗೆ ಗೊತ್ತಿಲ್ಲ. ದಂಧೆ ನಿಂತಿರುವುದು ಈ ಎರಡರ ನಡುವಿನ ಸಂದಿಯಲ್ಲಿ.

ಈಗ ಕೋನದ ವಿಚಾರ. ಹೊಳೆಯುವುದು ಕಲ್ಲಿನ ಗುಣ ಎಂದು ನಾವು ತಿಳಿದಿರುತ್ತೇವೆ. ಅರ್ಧ ನಿಜ. ಹರಳಿನೊಳಗೆ ಹೊಕ್ಕ ಬೆಳಕು ಒಳಗಿನಿಂದ ಒಂದು ಮುಖಕ್ಕೆ ಬಡಿದಾಗ, ನೆಟ್ಟಗೆ ಬಡಿದರೆ ದಾಟಿ ಹೊರಗೆ ಹೋಗುತ್ತದೆ. ಒಂದು ಮಿತಿಗಿಂತ ಓರೆಯಾಗಿ ಬಡಿದರೆ ದಾಟಲಾಗದೆ ಇಡಿಯಾಗಿ ಒಳಕ್ಕೆ ಮರಳುತ್ತದೆ. ಆ ಮಿತಿ ವಜ್ರಕ್ಕೆ 24.4 ಡಿಗ್ರಿ, ಮಾಣಿಕ್ಯಕ್ಕೆ ಸುಮಾರು 34.6, ಸ್ಫಟಿಕಕ್ಕೆ ಸುಮಾರು 40.4. ಮೇಲಿನಿಂದ ನೇರ ಇಳಿದ ಕಿರಣ ತಳದ ಮುಖಕ್ಕೆ ಎಷ್ಟು ಓರೆಯಾಗಿ ಬಡಿಯುತ್ತದೆಂದರೆ, ಆ ಮುಖವನ್ನು ಎಷ್ಟು ಡಿಗ್ರಿಗೆ ಕೊಯ್ದಿದ್ದೇವೋ ಅಷ್ಟೇ. ಮಾಣಿಕ್ಯದ ತಳವನ್ನು 42 ಡಿಗ್ರಿಗೆ ಕೊಯ್ದರೆ ಕಿರಣ 34.6ರ ಮಿತಿ ಮೀರಿ ಬಡಿದು ಮರಳುತ್ತದೆ. ಎದುರು ಮುಖಕ್ಕೆ 54 ಡಿಗ್ರಿಯಲ್ಲಿ ಬಡಿದು ಮತ್ತೆ ಮರಳಿ ಮೇಲಕ್ಕೆ, ನಮ್ಮ ಕಣ್ಣಿಗೆ ಬರುತ್ತದೆ. 30 ಡಿಗ್ರಿಗೆ ಕೊಯ್ದರೆ ಮೊದಲ ಏಟಿಗೇ ಕೆಳಗಿನಿಂದ ಸೋರಿಹೋಗುತ್ತದೆ. ಆಳ ಹೆಚ್ಚಾಗಿ 50 ಡಿಗ್ರಿಗೆ ಕೊಯ್ದರೆ ಮೊದಲ ಮುಖದಲ್ಲಿ ಮರಳಿದ್ದು ಎರಡನೆಯ ಮುಖದಲ್ಲಿ ಸೋರುತ್ತದೆ, ಕಲ್ಲಿನ ನಡು ಕಪ್ಪಗೆ ಕಾಣುತ್ತದೆ. ಈ ಸರಳ ಲೆಕ್ಕದ ಪ್ರಕಾರ ಮಾಣಿಕ್ಯ ಕೊಯ್ಯುವವನಿಗೆ ಆಡಲು 14 ಡಿಗ್ರಿಯಷ್ಟು ಜಾಗವಿದೆ. ಸ್ಫಟಿಕ ಕೊಯ್ಯುವವನಿಗೆ 40.4ರಿಂದ 46.5ರವರೆಗೆ, ಆರೇ ಡಿಗ್ರಿ. ಅಗ್ಗದ ಕಲ್ಲಿಗೆ ಹೆಚ್ಚು ಜಾಗ್ರತೆ ಬೇಕೆಂಬುದು ಈ ಕಸುಬಿನ ತಮಾಷೆ.

ನಿಮ್ಮ ಉಂಗುರದ ಹರಳು ಹಿಂಬದಿ ತೆರೆದು ಕೂರಿಸಿದ್ದಾದರೆ ಅದನ್ನು ಈ ಪತ್ರಿಕೆಯ ಮೇಲೇ ಇಟ್ಟು ನೇರ ಮೇಲಿನಿಂದ ನೋಡಿ. ನಡುವಿನಲ್ಲಿ ಅಕ್ಷರ ಓದಲು ಬಂದರೆ ಅದರ ತಳ ತೆಳುವಾಗಿದೆ, ಬೆಳಕು ಸೋರುತ್ತಿದೆ. ಈ ಕಸುಬಿನವರು ಅದನ್ನು ‘ಕಿಟಕಿ’ ಎನ್ನುತ್ತಾರೆ. ಪೇಟೆಯಲ್ಲಿ ಸಿಗುವ ನೈಸರ್ಗಿಕ ಕಲ್ಲುಗಳಲ್ಲಿ ಕಿಟಕಿಯಿಲ್ಲದ್ದು ಅಪರೂಪ. ಒರಟು ಕಲ್ಲು ಚಪ್ಪಟೆಯಾಗಿತ್ತು, ತೂಕ ಉಳಿಸಬೇಕಿತ್ತು, ಆದ್ದರಿಂದ ಕೋನವನ್ನು ಬಲಿ ಕೊಟ್ಟರು.

ನಮ್ಮ ಹಳೆಯ ಒಡವೆಗಳಲ್ಲಿ ಹರಳಿನ ಹಿಂದೆ ಚಿನ್ನ ಮುಚ್ಚಿ, ನಡುವೆ ಹೊಳೆಯುವ ತೆಳು ತಗಡು ಇಡುತ್ತಿದ್ದುದಕ್ಕೂ ಇದೇ ಕಾರಣ. ಕೋನ ಮಾಡಬೇಕಾದ ಕೆಲಸವನ್ನು ತಗಡು ಮಾಡುತ್ತಿತ್ತು. ಅಂಥ ಓಲೆಯನ್ನು ಸೋಪು ನೀರಿನಲ್ಲಿ ನೆನೆಹಾಕಬೇಡಿ ಎಂದು ಆಚಾರ್ರು ಗದರುವುದು ಸುಮ್ಮನೆ ಅಲ್ಲ. ನೀರು ಒಳಗಿಳಿದು ತಗಡು ಕಪ್ಪಾದರೆ ಕಲ್ಲು ‘ಸತ್ತಿತು’ ಎನ್ನುತ್ತೇವೆ, ಸತ್ತದ್ದು ಕನ್ನಡಿ.

ಭಾರತದಲ್ಲಿ ತೂಕದ ಮೋಹ ಹಳೆಯದು. ಹದಿನೇಳನೆಯ ಶತಮಾನದಲ್ಲಿ ಬಂದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ, ಬಿಜಾಪುರದ ಸುಲ್ತಾನರ ಸೀಮೆಯ ವಜ್ರದ ಗಣಿಯಲ್ಲಿ ಊಟದ ತಟ್ಟೆಯಗಲದ ಉಕ್ಕಿನ ಚಕ್ರದ ಮೇಲೆ ಒಂದೊಂದೇ ಕಲ್ಲಿಟ್ಟು, ನೀರು ಸುರಿದು ಕಲ್ಲಿನ ಎಳೆ ಹುಡುಕಿ, ಆಮೇಲೆ ಎಣ್ಣೆ, ವಜ್ರದ ಪುಡಿ ಹಾಕಿ ಉಜ್ಜುವ ಕಸುಬುದಾರರನ್ನು ಕಂಡು ಬರೆದಿದ್ದಾನೆ. ಮೊಘಲರ ದೊಡ್ಡ ವಜ್ರವನ್ನು ಉಜ್ಜಲು ಕೂತ ವೆನಿಸ್‌ನ ಹೊರ್ತೆನ್ಸಿಯೊ ಬೋರ್ಜಿಯೊನ ಪಾಡನ್ನೂ ಅವನೇ ಹೇಳುತ್ತಾನೆ. ತೂಕ ವಿಪರೀತ ಕಳೆದನೆಂದು ಕೂಲಿ ಕೊಡುವುದಿರಲಿ, 10,000 ರೂಪಾಯಿ ದಂಡ ಹಾಕಿದರಂತೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಬೊಕ್ಕಸದ ಪ್ರಕರಣದೊಳಗೆ ರತ್ನಪರೀಕ್ಷೆ ಬರುತ್ತದೆ. ಅಲ್ಲಿಯೂ ಅರಸನಿಗೆ ಮುಖ್ಯವಾಗುವುದು ಕಲ್ಲಿನ ಗುಣದೋಷ, ತೂಕ, ಬೆಲೆ. ಯುರೋಪಿನವರ ಹುಚ್ಚು ಬೇರೆ. ಕೊಹಿನೂರನ್ನು 1852ರಲ್ಲಿ ಲಂಡನ್ನಿನಲ್ಲಿ ಮರಳಿ ಕೊಯ್ದು ಶೇ 40ಕ್ಕೂ ಹೆಚ್ಚು ತೂಕವನ್ನು ಪುಡಿ ಮಾಡಿ 105.6 ಕ್ಯಾರೆಟ್‌ಗೆ ಇಳಿಸಿದರು. ಯಾರು ಸರಿ? ಹೊಳಪಿನ ಕಡೆಯಿಂದ ನೋಡಿದರೆ ಲಂಡನ್ನಿನವರು. ವಜ್ರಕ್ಕೆ ತಳ 40.75 ಡಿಗ್ರಿ, ಮೇಲ್ಭಾಗ 34.5 ಡಿಗ್ರಿ ಎಂದು ಗಣಿತ ಹಾಕಿ ಮಾರ್ಸೆಲ್ ಟೋಲ್ಕೋವ್ಸ್ಕಿ ಪುಸ್ತಕ ಬರೆದದ್ದು 1919ರಲ್ಲಿ. ಅದಕ್ಕೆ ಮುಂಚಿನವರೆಲ್ಲ ಕಣ್ಣಂದಾಜಿನಲ್ಲೇ ಅದರ ಹತ್ತಿರ ಬಂದಿದ್ದರು.

ಕೊಯ್ಯುವ ಯಂತ್ರ ನೋಡಲು ಅಂಥ ದೊಡ್ಡದೇನಲ್ಲ. ಅಡ್ಡ ಮಲಗಿ ತಿರುಗುವ ಲೋಹದ ತಟ್ಟೆ, ಅದರ ಮೇಲೆ ತೊಟ್ಟಿಕ್ಕುವ ನೀರು, ಪಕ್ಕದಲ್ಲಿ ನೆಟ್ಟ ಕಂಬ, ಕಂಬದಿಂದ ಚಾಚಿದ ತೋಳು. ಕಲ್ಲನ್ನು ಅರಗಿನಿಂದಲೋ ಅಂಟಿನಿಂದಲೋ ಹಿತ್ತಾಳೆ ಕಡ್ಡಿಯ ತುದಿಗೆ ಅಂಟಿಸಿ ತೋಳಿಗೆ ಸಿಕ್ಕಿಸುತ್ತಾರೆ. ತೋಳನ್ನು ಎತ್ತಿಳಿಸಿದರೆ ಕೋನ ಬದಲಾಗುತ್ತದೆ. ಕಡ್ಡಿಯನ್ನು ತಿರುಗಿಸಿ ನಿಲ್ಲಿಸಲು 96 ಹಲ್ಲಿನ ಚಕ್ರ. ಎಂಟು ಮುಖ ಬೇಕಾದರೆ ಪ್ರತಿ 12ನೇ ಹಲ್ಲಿಗೆ ಒಂದು. 1792ರಲ್ಲಿ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆಯನ್ನು ಮೇಲಿನಿಂದ ತೆಗೆದ ಫೋಟೊದಲ್ಲಿ ನೋಡಿದವರಿಗೆ, ದುಂಡು ಹರಳಿನ ನಕ್ಷೆ ಅರ್ಧ ಗೊತ್ತಾದಂತೆಯೇ; ಎಂಟು ಮೂಲೆಯ ನಕ್ಷತ್ರದ ಸುತ್ತ ಮುಖಗಳನ್ನು ಹಂಚುತ್ತ ಹೋಗುವುದು. ಪೂರ್ಣ ದುಂಡು ಕಟಿಂಗ್‌ನಲ್ಲಿ ಮುಖಗಳು 57, ತಳದ ತುದಿಯಲ್ಲೂ ಒಂದು ಇಟ್ಟರೆ 58.

ಮೊದಲು ತಳ, ಆಮೇಲೆ ನಡುಪಟ್ಟಿ. ನಂತರ ಕಲ್ಲನ್ನು ಬಿಚ್ಚಿ ತಲೆಕೆಳಗು ಮಾಡಿ ಇನ್ನೊಂದು ಕಡ್ಡಿಗೆ ಅಂಟಿಸಿ ಮೇಲ್ಭಾಗ. ಒರಟು ತಟ್ಟೆಯಿಂದ ಶುರುಮಾಡಿ 600, 1200, 3000 ಹೀಗೆ ನುಣುಪಿನ ತಟ್ಟೆಗಳಿಗೆ ದಾಟುತ್ತಾರೆ. ಪ್ರತಿ ತಟ್ಟೆ ಹಿಂದಿನದರ ಗೀರನ್ನು ಅಳಿಸಿ ತನ್ನ ಸಣ್ಣ ಗೀರನ್ನು ಬಿಡುತ್ತದೆ. ಕೊನೆಗೆ ಪಾಲಿಶ್. ಸ್ಫಟಿಕಕ್ಕೆ ಸೀರಿಯಂ ಆಕ್ಸೈಡ್ ಪುಡಿ, ಮಾಣಿಕ್ಯಕ್ಕೆ ಮೈಕ್ರಾನಿಗಿಂತ ಸಣ್ಣ ವಜ್ರದ ಪುಡಿ. ಅಕ್ಕಪಕ್ಕದ ಮುಖಗಳ ಅಂಚುಗಳು ಒಂದೇ ಚುಕ್ಕಿಯಲ್ಲಿ ಕೂಡಬೇಕು. ಕೂಡದಿದ್ದರೆ ಬರಿಗಣ್ಣಿಗೆ ಕಾಣದು, ಭೂತಗನ್ನಡಿಗೆ ಕಾಣುತ್ತದೆ. ಜೈಪುರದಲ್ಲೂ ಶ್ರೀಲಂಕಾದಲ್ಲೂ ಹಳೆಯ ಪದ್ಧತಿಯವರಿಗೆ ಇಷ್ಟು ಸಲಕರಣೆಯೂ ಇಲ್ಲ. ತೂತುಗಳಿರುವ ಒಂದು ಹಲಗೆ, ಯಾವ ತೂತಿಗೆ ಕಡ್ಡಿಯ ಹಿಂಬದಿ ಊರಿದರೆ ಯಾವ ಕೋನ ಎಂಬ ಕೈಯ ನೆನಪು, ಅಷ್ಟೇ. ಆ ಕೈಗೆ ನಾನು ಯಂತ್ರಕ್ಕಿಂತ ಹೆಚ್ಚು ಗೌರವ ಕೊಡುತ್ತೇನೆ, ಆದರೆ ನಿಖರತೆಯಲ್ಲಿ ಯಂತ್ರವೇ ಗೆಲ್ಲುತ್ತದೆ.

ಇನ್ನು ಕುಲುಮೆಯ ಕಲ್ಲು. ಫ್ರಾನ್ಸಿನ ಒಗಸ್ತ್ ವೆರ್ನೂಯಿ ತನ್ನ ವಿಧಾನವನ್ನು ಲೋಕಕ್ಕೆ ತಿಳಿಸಿದ್ದು 1902ರಲ್ಲಿ. ನುಣ್ಣನೆಯ ಅಲ್ಯೂಮಿನಾ ಪುಡಿಗೆ ಸ್ವಲ್ಪ ಕ್ರೋಮಿಯಂ ಆಕ್ಸೈಡ್ ಬೆರೆಸಿ, ಜಲಜನಕ-ಆಮ್ಲಜನಕದ ಜ್ವಾಲೆಯ ಮೂಲಕ ಉದುರಿಸುವುದು. ಎರಡು ಸಾವಿರ ಡಿಗ್ರಿ ದಾಟಿದ ಆ ಉರಿಯಲ್ಲಿ ಪುಡಿ ಕರಗಿ ಕೆಳಗಿನ ಪೀಠದ ಮೇಲೆ ಹನಿಹನಿಯಾಗಿ ಕೂತು ಹರಳುಗಟ್ಟುತ್ತದೆ. ಕೆಲವೇ ಗಂಟೆಗಳಲ್ಲಿ ಬೆರಳುದ್ದದ ಕೆಂಪು ದಿಮ್ಮಿ. 1907ರ ಹೊತ್ತಿಗೆ ವರ್ಷಕ್ಕೆ ಸುಮಾರು 1,000 ಕಿಲೊ ಮಾಣಿಕ್ಯ ಹೀಗೆ ತಯಾರಾಗುತ್ತಿತ್ತು. ಇದು ಗಾಜಲ್ಲ, ಬಣ್ಣ ಹಚ್ಚಿದ ಪ್ಲಾಸ್ಟಿಕ್ಕೂ ಅಲ್ಲ. ರಾಸಾಯನಿಕವಾಗಿ, ಗಡಸಿನಲ್ಲಿ, ಬೆಳಕು ಬಾಗಿಸುವುದರಲ್ಲಿ ಗಣಿಯ ಮಾಣಿಕ್ಯಕ್ಕೂ ಇದಕ್ಕೂ ಭೇದವಿಲ್ಲ. ಮೇಲೆ ಹೇಳಿದ 34.6 ಡಿಗ್ರಿಯ ಮಿತಿ ಎರಡಕ್ಕೂ ಒಂದೇ.

ವ್ಯತ್ಯಾಸ ಬೆಳೆದ ಬಗೆಯಲ್ಲಿದೆ, ಅದರ ಗುರುತು ಒಳಗೆ ಉಳಿದಿರುತ್ತದೆ. ಕುಲುಮೆಯ ದಿಮ್ಮಿಯ ಮೇಲ್ಮೈ ಉಬ್ಬಾಗಿ ಬೆಳೆಯುವುದರಿಂದ ಅದರ ಪದರಗಳು ಬಿಲ್ಲಿನಂತೆ ಬಾಗಿರುತ್ತವೆ. ಜೊತೆಗೆ ಗಾಳಿಯ ಗುಳ್ಳೆಗಳಿರಬಹುದು. ನೆಲದ ಮಾಣಿಕ್ಯದ ಪದರಗಳು ನೇರ, ಆರು ಮೂಲೆಯ ಲೆಕ್ಕಕ್ಕೆ ಬದ್ಧ, ನಡುವೆ ರೇಷ್ಮೆಯಂಥ ಎಳೆ. ಭೂತಗನ್ನಡಿಯಲ್ಲಿ ಪಳಗಿದ ಕಣ್ಣಿಗೆ ಬಾಗಿದ ಒಂದು ಗೆರೆ ಸಾಕು.

ಇನ್ನೊಂದು ಗುರುತು ಸಾಣೆಯವನದು, ನನಗೆ ಇದೇ ಹೆಚ್ಚು ಕುತೂಹಲದ್ದು. ಬೆಲೆಬಾಳುವ ಕಲ್ಲನ್ನು ಮೆಲ್ಲಗೆ ಪಾಲಿಶ್ ಮಾಡುತ್ತಾರೆ. ಅಗ್ಗದ ಕುಲುಮೆ ಕಲ್ಲನ್ನು ದಿನಕ್ಕೆ ಇಷ್ಟು ಎಂಬ ಲೆಕ್ಕದ ಮೇಲೆ ಒತ್ತಿ ಉಜ್ಜುತ್ತಾರೆ. ಮುಖ ಕಾದು ಅಂಚಿನ ಬಳಿ ಏಣಿಯ ಮೆಟ್ಟಿಲಿನಂಥ ಸಣ್ಣ ಬಿರುಕುಗಳು ಬೀಳುತ್ತವೆ. ಅವನ್ನು ಕಂಡರೆ ಕಲ್ಲು ಕುಲುಮೆಯದಿರಬಹುದೆಂಬ ಅನುಮಾನ ಬಲವಾಗುತ್ತದೆ. ಅಂದರೆ ಕಲ್ಲಿನ ತಪ್ಪೇನಿಲ್ಲ, ಕೂಲಿಯ ದರ ಅದರ ಮೈಮೇಲೆ ಬರೆದಿದೆ. ತಮಿಳುನಾಡಿನ ತಿರುಚಿರಾಪಳ್ಳಿಯ ಸುತ್ತ ಈ ಕೃತಕ ಹರಳುಗಳನ್ನು ಕೊಯ್ಯುವ ಕೆಲಸ ಮನೆಮನೆಯ ಕಸುಬಾಗಿತ್ತು. ನಾವು ‘ಅಮೆರಿಕನ್ ಡೈಮಂಡ್’ ಎಂದು ಕರೆದು ಮೂಗುಬೊಟ್ಟಿಗೆ ಹಾಕಿಸಿಕೊಂಡ ಕ್ಯೂಬಿಕ್ ಜಿರ್ಕೋನಿಯಾದ ಬಹಳಷ್ಟು ಕಲ್ಲುಗಳು ಅಂಥ ಕೈಗಳಿಂದ ಬಂದವು. ಅದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸುವ ವಿಧಾನ ಪಳಗಿದ್ದು 1970ರ ದಶಕದ ಮಾಸ್ಕೋದಲ್ಲಿ. ಶೀತಲ ಸಮರದ ಕಾಲದಲ್ಲಿ ರಷ್ಯದ ಕಲ್ಲಿಗೆ ಅಮೆರಿಕದ ಹೆಸರು!

ಕೊಯ್ಯುವವನ ಪಾಲಿಗೆ ಕುಲುಮೆಯ ಕಲ್ಲು ಸುಖದ ಕೆಲಸ. ಬಿರುಕಿಲ್ಲ, ಬಣ್ಣ ಸಮ, ತುಂಡು ದೊಡ್ಡದು, ಹಾಳಾದರೆ ಇನ್ನೊಂದು. ತೂಕ ಉಳಿಸುವ ಒತ್ತಡ ಇಲ್ಲದ್ದರಿಂದ ಸರಿಯಾದ ಕೋನಕ್ಕೆ ಕೊಯ್ಯಬಹುದು. ಮನಸ್ಸಿಟ್ಟು ಕೊಯ್ದ ಕುಲುಮೆಯ ಮಾಣಿಕ್ಯ, ಕಿಟಕಿ ಬಿದ್ದ ಗಣಿಯ ಮಾಣಿಕ್ಯಕ್ಕಿಂತ ಹೊಳೆಯುವುದರಲ್ಲಿ ಅನುಮಾನವಿಲ್ಲ. ಆದರೂ ಬೆಲೆ ಹೊಳಪನ್ನು ನೋಡಿ ನಿಲ್ಲುವುದಿಲ್ಲ, ಅಪರೂಪವನ್ನು ನೋಡಿ ನಿಲ್ಲುತ್ತದೆ.

ವಜ್ರದ ಪೇಟೆ ಈಗ ಈ ಪಾಠ ಕಲಿಯುತ್ತಿದೆ. ಪ್ರಯೋಗಾಲಯದ ವಜ್ರವನ್ನು 1950ರ ದಶಕದಲ್ಲೇ ಜನರಲ್ ಎಲೆಕ್ಟ್ರಿಕ್ ಕಂಪನಿ ಮಾಡಿ ತೋರಿಸಿತ್ತು. ಉಂಗುರಕ್ಕೆ ಬರುವಂಥದ್ದು ಅಗ್ಗವಾದದ್ದು ಇತ್ತೀಚೆಗೆ. 2023ರ ಜೂನ್‌ನಲ್ಲಿ ಪ್ರಧಾನಿ ಅಮೆರಿಕದ ಅಧ್ಯಕ್ಷರ ಪತ್ನಿಗೆ ಕೊಟ್ಟ 7.5 ಕ್ಯಾರೆಟ್ ವಜ್ರ ಪ್ರಯೋಗಾಲಯದ್ದೇ. ಅದೇ ವರ್ಷ ಈ ಸಂಶೋಧನೆಗೆಂದು ಮದ್ರಾಸ್ ಐಐಟಿಗೆ ಐದು ವರ್ಷಕ್ಕೆ ಸುಮಾರು 242 ಕೋಟಿ ರೂಪಾಯಿ ಮಂಜೂರಾಯಿತು. ಬೇಕಾದಷ್ಟು ಮಾಡಬಹುದಾದ ಮೇಲೆ ಬೆಲೆ ಇಳಿಯದೆ ಇರುವುದಿಲ್ಲ. ಹೂಡಿಕೆಯೆಂದು ಕೊಳ್ಳುವವರು ಎಚ್‌ಎಂಟಿಯೊಳಗಿನ ಮಾಣಿಕ್ಯ ಈಗ ಎಷ್ಟಕ್ಕೆ ಹೋಗುತ್ತದೆಂದು ಒಮ್ಮೆ ಕೇಳಿ ನೋಡಲಿ. ತೊಡಲಿಕ್ಕೆಂದು ಕೊಳ್ಳುವವರಿಗೆ ಯಾವ ಚಿಂತೆಯೂ ಇಲ್ಲ.

ನಿಜವಾದ ಮೋಸ ಬೇರೆ ಕಡೆ ಇದೆ. ತೀರಾ ಬಿರುಕುಬಿಟ್ಟ, ಕೊಯ್ಯಲು ಬಾರದ ಗಣಿಯ ಕುರುಂದಕ್ಕೆ ಸೀಸದ ಗಾಜನ್ನು ಕರಗಿಸಿ ತುಂಬಿ, ಬಿರುಕು ಮುಚ್ಚಿ, ‘ನ್ಯಾಚುರಲ್ ರೂಬಿ’ ಎಂದು ಮಾರುತ್ತಾರೆ. ಮಾತಿನಲ್ಲಿ ಸುಳ್ಳಿಲ್ಲ, ಕಲ್ಲು ನೆಲದ್ದೇ. ಆದರೆ ಅಕ್ಕಸಾಲಿಯ ಬೆಂಕಿ ತಾಗಿದರೂ ನಿಂಬೆರಸ ತಾಗಿದರೂ ಗಾಜು ಕೆಡುತ್ತದೆ. ಇಂಥದ್ದಕ್ಕಿಂತ ಶುದ್ಧ ಕುಲುಮೆಯ ಕಲ್ಲು ಸಾವಿರ ಪಾಲು ವಾಸಿ. ಅಂಗಡಿಯಲ್ಲಿ “ಒರಿಜಿನಲ್ಲಾ?” ಎಂದು ಕೇಳಿ ಸುಮ್ಮನಾಗಬಾರದು. ನೆಲದ್ದೋ ಕುಲುಮೆಯದೋ, ಕಾಯಿಸಿದ್ದಾರೋ, ಏನಾದರೂ ತುಂಬಿದ್ದಾರೋ ಎಂದು ಮೂರು ಬಿಡಿ ಪ್ರಶ್ನೆ ಕೇಳಬೇಕು. ಉತ್ತರ ಬಿಲ್ಲಿನ ಮೇಲೆ ಬರಬೇಕು. ಚಿನ್ನದ ಹಾಲ್‌ಮಾರ್ಕ್ ಹರಳಿಗೆ ಏನೂ ಹೇಳುವುದಿಲ್ಲ. ಹರಳಿಗೆ ಪ್ರಯೋಗಾಲಯದ ಪ್ರಮಾಣಪತ್ರ ಬೇರೆಯೇ ಬೇಕು. ಗ್ರಹಶಾಂತಿಗೆ ಧರಿಸುವವರು ನೆಲದ್ದೇ ಬೇಕೆನ್ನುತ್ತಾರೆ. ಸೂರ್ಯನಿಗೆ ಬಾಗಿದ ಗೆರೆ, ನೇರ ಗೆರೆಯ ವ್ಯತ್ಯಾಸ ತಿಳಿಯುತ್ತದೋ ಇಲ್ಲವೋ ನಾನು ಹೇಳಲಾರೆ. ಕೊಟ್ಟ ದುಡ್ಡಿಗೆ ಹೇಳಿದ ಕಲ್ಲೇ ಸಿಗಬೇಕೆಂಬುದು ಮಾತ್ರ ನ್ಯಾಯ.

ಮೀಸಲು ಅರಣ್ಯದಲ್ಲಿ ಗುಂಡಿ ತೋಡಿದರೆ ಅರಣ್ಯ ಕಾನೂನು ಹಿಡಿಯುತ್ತದೆ, 1957ರ ಗಣಿ ಮತ್ತು ಖನಿಜ ಕಾಯ್ದೆಯೂ ಹಿಡಿಯುತ್ತದೆ. ಘಟ್ಟದ ಮಳೆಗೆ ಆ ಗುಂಡಿಗಳ ಮಣ್ಣು ಸಡಿಲವಾಗಿ ಹಳ್ಳಕ್ಕೆ ಹೋಗುತ್ತದೆ. ಇಷ್ಟೆಲ್ಲ ಮಾಡಿ ಕೈಗೆ ಬರುವುದು ದಲ್ಲಾಳಿ ಹೇಳಿದಷ್ಟು. ಅದರ ಬದಲು ಈ ಭಾಗದ ನಾಲ್ಕು ಹುಡುಗ ಹುಡುಗಿಯರು ಕೊಯ್ಯುವುದನ್ನು ಕಲಿತರೆ, ಕಲ್ಲು ಎಲ್ಲಿಂದಾದರೂ ಬರಲಿ, ಕೂಲಿ ಇಲ್ಲಿ ಉಳಿಯುತ್ತದೆ. ಅಮೆರಿಕದಿಂದ ಒಳ್ಳೆಯ ಯಂತ್ರ ತರಿಸಲು ಲಕ್ಷಗಳು ಬೇಕು, ನಿಜ. ಕಾಫಿ ಪಲ್ಪರಿಗೂ ಲಕ್ಷಗಳು ಬೇಕು, ಅದನ್ನು ತರಿಸುತ್ತೇವೆ.

ಕಲಿಯುವ ಕ್ರಮ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಮೊದಲು ಸ್ಫಟಿಕ, ಯಾಕೆಂದರೆ ಅಗ್ಗ, ಮತ್ತು ಆ ಆರು ಡಿಗ್ರಿಯ ಇಕ್ಕಟ್ಟು ಕೈಯನ್ನು ಬೇಗ ಪಳಗಿಸುತ್ತದೆ. ಆಮೇಲೆ ಕುಲುಮೆಯ ಮಾಣಿಕ್ಯ. ಗಟ್ಟಿ ಕಲ್ಲಿನ ಪಾಲಿಶ್‌ಗೆ ಎಷ್ಟು ಹೊತ್ತು ಬೇಕೆಂದು ಅದು ಕಲಿಸುತ್ತದೆ, ಒತ್ತಿದರೆ ಏಣಿ ಬಿರುಕು ತೋರಿಸಿ ಎಚ್ಚರಿಸುತ್ತದೆ. ಮೂರನೆಯದು ಗಾರ್ನೆಟ್. ರಾಜಸ್ಥಾನದ್ದು, ಒಡಿಶಾದ್ದು ಪರವಾನಗಿ ಇರುವ ವ್ಯಾಪಾರಿಗಳಲ್ಲೇ ಸಿಗುತ್ತದೆ. ಅದಕ್ಕೆ ಎರಡು ಬಣ್ಣದ ತಂಟೆ ಇಲ್ಲ, ಯಾವ ಕಡೆ ತಿರುಗಿಸಿ ಕೊಯ್ದರೂ ಒಂದೇ ಕೆಂಪು. ಆದರೆ ಬಣ್ಣ ಬಹಳ ಗಾಢ. ಆಸೆಪಟ್ಟು ದೊಡ್ಡದಾಗಿ ಕೊಯ್ದರೆ ಇದ್ದಿಲಿನಷ್ಟು ಕಪ್ಪು ಕಾಣುತ್ತದೆ. ಆದ್ದರಿಂದ ಗಾರ್ನೆಟ್ ಕೊಯ್ಯುವವರು ದೊಡ್ಡ ತುಂಡನ್ನೂ ಒಡೆದು ಸಣ್ಣದು ಮಾಡಿಕೊಂಡೇ ಕಡ್ಡಿಗೆ ಅಂಟಿಸುತ್ತಾರೆ.